ಹಳೆಯ ಪಿಕ್ಚರ್ ಟ್ಯೂಬ್ ಟಿವಿಗೆ ರಾಸ್ಪ್‌ಬೆರಿ ಪೈ ಜೋಡಿಸುವ ಬಗೆ

ಹಿಂಬದಿಯಲ್ಲಿ ಹಳದಿ ಎವಿ ಕಿಂಡಿಯಿರುವ ಹಳೆಯ ಟಿವಿ ಮನೆಯಲ್ಲಿದ್ದರೆ ದಯವಿಟ್ಟು ಅದನ್ನು ಗುಜರಿಗೆ ಹಾಕಬೇಡಿ. ಮೆಗಾ ಡ್ರೈವ್‌ನಂತಹ ಹಳೆಯ ವಿಡಿಯೋ ಗೇಮ್ ಯಂತ್ರಗಳ ಆಟಗಳನ್ನು ರೂಪಿಸಿದ್ದೇ ಅಂತಹ ಪರದೆಗಾಗಿ. ಆ ಆಟಗಳನ್ನಾಡಲು ರಾಸ್ಪ್‌ಬೆರಿ ಪೈ 3 ಎಂಬ ಪುಟ್ಟ ಕಂಪ್ಯೂಟರ್ ಧಾರಾಳವಾಗಿ ಸಾಕು. ಹಳೆಯ ಆಟಗಳನ್ನು ನಡೆಸುವ ರೆಟ್ರೋಪೈ ತಂತ್ರಾಂಶವನ್ನು ಮೈಕ್ರೋ ಎಸ್‌ಡಿ ಕಾರ್ಡಿಗೆ ಬರೆದುಕೊಳ್ಳುವುದು ಸುಲಭ.

ತೊಂದರೆಯೆಲ್ಲ ಪೈಯನ್ನು ಟಿವಿಗೆ ಜೋಡಿಸುವ ಕೇಬಲ್ಲಿನದು. ಪೈನ 3.5 ಮಿ.ಮೀ. ಜ್ಯಾಕಿನಲ್ಲಿ ತುದಿಯಿಂದ ಬುಡದವರೆಗೆ ಕ್ರಮವಾಗಿ ಎಡಧ್ವನಿ, ಬಲಧ್ವನಿ, ಗ್ರೌಂಡ್ ಮತ್ತು ಚಿತ್ರ ಬರುತ್ತವೆ. ಆದರೆ ನೋಡಲು ಒಂದೇ ತೆರನಾದ ಅನೇಕ ಕ್ಯಾಮರಾ ಕೇಬಲ್ಲುಗಳಲ್ಲಿ ಗ್ರೌಂಡ್ ಬೇರೆ ಪಟ್ಟಿಯಲ್ಲಿರುವುದರಿಂದ ಚಿತ್ರವೇ ಮೂಡುವುದಿಲ್ಲ. ಇದನ್ನರಿಯದೆ ನಾನು ಒಂದಿಡೀ ಸಂಜೆ ಟಿವಿಯನ್ನೇ ಶಂಕಿಸಿದ್ದೆ. ಮಲ್ಟಿಮೀಟರಿನ ಒಂದು ಮೊನೆಯನ್ನು ಪಿನ್ನಿನ ಬುಡದ ಪಟ್ಟಿಗೂ ಇನ್ನೊಂದನ್ನು ಹಳದಿ ಪ್ಲಗ್ಗಿನ ನಡುಗಡ್ಡಿಗೂ ತಾಗಿಸಿ, ಬೀಪ್ ಸದ್ದು ಬರುವುದನ್ನು ಖಚಿತಪಡಿಸಿಕೊಳ್ಳಿ.

ಬಳಿಕ ಕಾರ್ಡಿನ ಬೂಟ್ ವಿಭಾಗದಲ್ಲಿರುವ ಕಾನ್ಫಿಗ್ ಕಡತದಲ್ಲಿ (config.txt), ಟಿವಿಗೆ ಹೋಗುವ ಚಿತ್ರದ ಬಗೆಯನ್ನು ನಿರ್ಧರಿಸುವ ಎಸ್‌ಡಿಟಿವಿ ಮೋಡ್‌ನ (sdtv_mode) ಮೌಲ್ಯವನ್ನು 18 ಎಂದು ಬರೆಯಿರಿ. ನಮ್ಮ ದೇಶದ ಪಾಲ್ ಎಂಬ ಪ್ರಸಾರ ಪದ್ಧತಿಯ ಟಿವಿಗಳಿಗೆ 2 ಕೂಡ ಹೊಂದುತ್ತದೆಯಾದರೂ, 18ರಲ್ಲಿ ಚಿತ್ರದ ಗೆರೆಗಳು ಒಂದು ಬಿಟ್ಟು ಒಂದರಂತೆ ಹೆಣೆದುಕೊಳ್ಳದೆ ಬರುವುದರಿಂದ ಚಿತ್ರದ ಅದುರು ನಿಲ್ಲುತ್ತದೆ. ಟಿವಿ ಸೆಕೆಂಡಿಗೆ 60 ಬಾರಿ (60 ಹರ್ಟ್ಸ್) ಚಿತ್ರ ಮೂಡಿಸುವ ಎನ್‌ಟಿಎಸ್‌ಸಿ ಪದ್ಧತಿಯನ್ನೂ ಸ್ವೀಕರಿಸುವುದಾದರೆ 16 ಇನ್ನೂ ಉತ್ತಮ, ಏಕೆಂದರೆ ಆಟಗಳ ಜಪಾನ್ ಮತ್ತು ಅಮೆರಿಕದ ಆವೃತ್ತಿಗಳು ಆ ವೇಗಕ್ಕೇ ಹೊಂದಿಕೊಂಡಿವೆ. ಎಚ್‌ಡಿಎಂಐ ತಂತಿಯನ್ನು ಕಿತ್ತಿಟ್ಟೇ ಪೈಗೆ ವಿದ್ಯುತ್ ಕೊಡಿ. ಟಿವಿಯ ಹಿಂಬದಿ ಮುಚ್ಚಳವನ್ನು ಮಾತ್ರ ಎಂದಿಗೂ ಬಿಚ್ಚಬೇಡಿ. ಪ್ಲಗ್ ಕಿತ್ತ ನಂತರವೂ ಟ್ಯೂಬಿನಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.