ಲಕ್ಕುಂಡಿಯ ಓಣಿಗಳಲ್ಲಿ ಒಂದು ದಿನ

ಗದಗ ದಾಟಿ ಹಂಪಿಯ ದಾರಿ ಹಿಡಿದವರು ಲಕ್ಕುಂಡಿಯ ಫಲಕ ಕಂಡರೂ ಗಾಡಿ ನಿಲ್ಲಿಸುವುದು ಕಡಿಮೆ. ನಿಲ್ಲಿಸಿದವರೂ ಕಾಶಿವಿಶ್ವನಾಥ ಗುಡಿಯ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನಾನು ಗದಗಿನಲ್ಲಿ ಉಳಿದು, ಬೆಳಿಗ್ಗೆಯೇ ಬಸ್ ಹಿಡಿದು, ಸುಮಾರು 12 ಕಿ.ಮೀ. ದೂರದ ಈ ಊರಿಗೆ ಬಂದು ಇಡೀ ದಿನ ನಡೆದೇ ನೋಡಿದೆ. ಇಲ್ಲಿ ಎಷ್ಟೋ ಗುಡಿಗಳು ಮನೆಗಳ ನಡುವೆಯೇ ಇವೆ. ನೂರೊಂದು ಗುಡಿ, ನೂರೊಂದು ಬಾವಿ ಎನ್ನುವುದು ಊರವರ ಮಾತು. ಲೆಕ್ಕ ಹಾಕುವ ಗೋಜಿಗೆ ಹೋಗಬೇಡಿ, ಓಣಿ ಹಿಡಿದು ನಡೆಯಿರಿ.

ಮೊದಲು ಹೋಗಿದ್ದು ಬ್ರಹ್ಮಜಿನಾಲಯಕ್ಕೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದ, ರನ್ನನಿಗೆ ಆಶ್ರಯವಿತ್ತ ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ ಇದು. ಪಟ್ಟದಕಲ್ಲಿನ ಮರಳುಗಲ್ಲು ನೋಡಿ ಬಂದವರಿಗೆ ಇಲ್ಲಿ ಕಲ್ಲೇ ಬೇರೆ ಎಂಬುದು ತಕ್ಷಣ ತಿಳಿಯುತ್ತದೆ. ಇದು ಬಳಪದ ಕಲ್ಲಿನ ಜಾತಿ. ನುಣುಪು, ಉಳಿಗೆ ಸುಲಭವಾಗಿ ಬಗ್ಗುತ್ತದೆ. ಮುಂದೆ ಹೊಯ್ಸಳರ ಶಿಲ್ಪಿಗಳು ಮೆರೆಸಿದ್ದೂ ಇಂಥದೇ ಕಲ್ಲನ್ನು. ಒಳಗೆ ನಾಲ್ಕು ಮುಖದ ಬ್ರಹ್ಮ ಮತ್ತು ಪದ್ಮಾವತಿಯ ವಿಗ್ರಹಗಳಿವೆ.

ಹೆಚ್ಚು ಹೊತ್ತು ಕಳೆದದ್ದು ಕಾಶಿವಿಶ್ವನಾಥದಲ್ಲಿ. ಒಂದೇ ಜಗತಿಯ, ಅಂದರೆ ಎತ್ತರದ ಕಲ್ಲುಕಟ್ಟೆಯ, ಮೇಲೆ ಶಿವನ ಗುಡಿ ಪೂರ್ವಕ್ಕೆ, ಚಿಕ್ಕದಾದ ಸೂರ್ಯನ ಗುಡಿ ಪಶ್ಚಿಮಕ್ಕೆ ಮುಖ ಮಾಡಿ ಎದುರುಬದುರಾಗಿ ನಿಂತಿವೆ. ಬಾಗಿಲುವಾಡಗಳೇ ಇದರ ಜೀವ. ನೇರವಾಗಿ ಬೆಳಕು ಬಿಟ್ಟರೆ ಕೆತ್ತನೆಯೆಲ್ಲ ಚಪ್ಪಟೆಯಾಗಿ ಕಾಣುತ್ತದೆ. ಮೊಬೈಲ್ ಟಾರ್ಚನ್ನು ಪಕ್ಕದಿಂದ, ಕಲ್ಲಿನ ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಡಿದೆ. ಒಂದರ ಪಕ್ಕ ಒಂದು ಓಡುವ ಪಟ್ಟಿಗಳು, ಬಳ್ಳಿಯ ಸುರುಳಿಗಳು, ಅದರೊಳಗಿನ ಸಣ್ಣ ಆಕೃತಿಗಳು ನೆರಳು ಪಡೆದು ಎದ್ದು ಬಂದವು. ಕಂಬಗಳ ಬಳೆಗಳನ್ನೂ ಹೀಗೆಯೇ ನೋಡಿ. ಕಡೆದು ತಿರುಗಿಸಿದ ಕಂಬಗಳವು; ಅಂಚು ಇನ್ನೂ ಹರಿತವಾಗಿದೆ. ಕೈಯಿಂದ ಸವರಬೇಡಿ, ಕಣ್ಣು ಸಾಕು.

ರಸ್ತೆಯಾಚೆಯ ನನ್ನೇಶ್ವರ ಇದರ ಮುಂದೆ ಸರಳವಾಗಿ ಕಾಣುತ್ತದೆ. ಎರಡನ್ನೂ ಬೆನ್ನುಬೆನ್ನಿಗೆ ನೋಡಿದರೆ ಶಿಲ್ಪಿ ಎಲ್ಲಿ ಕೈ ಬಿಗಿಹಿಡಿದ, ಎಲ್ಲಿ ಸಡಿಲಬಿಟ್ಟ ಎಂಬುದು ಅರ್ಥವಾಗುತ್ತದೆ. ನನಗಂತೂ ನನ್ನೇಶ್ವರವೇ ಒಂದು ತೂಕ ಹೆಚ್ಚು ಇಷ್ಟವಾಯಿತು.

ಮಾಣಿಕೇಶ್ವರ ಗುಡಿಗೆ ಅಂಟಿಕೊಂಡ ಮುಸುಕಿನ ಬಾವಿಯನ್ನು ಮಾತ್ರ ಬಿಡಲೇಬಾರದು. ಮೂರು ಕಡೆಯಿಂದ ಮೆಟ್ಟಿಲು ಇಳಿಯುತ್ತವೆ, ಗೋಡೆಗಳಲ್ಲಿ ಪುಟ್ಟ ಗುಡಿಗಳಂಥ ಗೂಡುಗಳಿವೆ. ಮೆಟ್ಟಿಲ ಮೇಲೆ ನೆಟ್ಟ ಬಿಸಿಲು ಬೀಳುವ ಮಧ್ಯಾಹ್ನ ಹೋದರೆ ಗೂಡುಗಳ ಒಳಗೂ ಕಾಣುತ್ತದೆ. ಮಳೆಗಾಲದಲ್ಲಿ ಪಾಚಿ ನೋಡಿಕೊಂಡು ಇಳಿಯಿರಿ.

ಸಂಜೆ ಗದಗಿಗೆ ಮರಳಿ ಗಿರ್ಮಿಟ್, ಮಿರ್ಚಿ ಭಜ್ಜಿ ತಿಂದೆ. ಡಂಬಳದ ನಕ್ಷತ್ರಾಕಾರದ ದೊಡ್ಡಬಸಪ್ಪ ಗುಡಿಯನ್ನು ಮರುದಿನಕ್ಕೆ ಇಟ್ಟುಕೊಂಡಿದ್ದೆ. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಸಂಜೆಯ ಹೊತ್ತಿಗೆ ಯಾವ ಕಂಬ ಯಾವ ಊರಿನದು ಎಂದೇ ನೆನಪಿರುವುದಿಲ್ಲ.