ಪಿತ್ತೂರಾಳ ಬಾಯಿಗೆ ಕಟ್ಟಿದ ಬಟ್ಟೆ

ಪಿತ್ತೂರಾ ಅಂದರೆ ಇಟಾಲಿಯನ್‌ನಲ್ಲಿ ಚಿತ್ರಕಲೆ. ಬರೋಕ್ ಕಾಲದ, ಅಂದರೆ ಹದಿನೇಳನೇ ಶತಮಾನದ ಆಸುಪಾಸಿನ ಯುರೋಪಿನ ಕಲಾವಿದರು ಅದನ್ನು ಒಬ್ಬ ಹೆಂಗಸಿನ ರೂಪದಲ್ಲಿ ಬರೆಯುತ್ತಿದ್ದರು. ಕಂದು ಇಂಕಿನಲ್ಲಿ ನಾನೂ ಅವಳನ್ನು ಬಿಡಿಸಲು ಕೂತೆ.

ಅವಳ ಗುರುತುಗಳನ್ನೆಲ್ಲ ಇಟಲಿಯ ಲೇಖಕ ಚೆಸಾರೆ ರೀಪಾ ತನ್ನ 'ಇಕೊನೊಲೊಜಿಯಾ'ದಲ್ಲಿ ಬರೆದಿಟ್ಟಿದ್ದಾನೆ. ಗುಣ, ಕಲೆ ಇಂಥವನ್ನು ಮನುಷ್ಯರೂಪದಲ್ಲಿ ತೋರಿಸುವುದು ಹೇಗೆ ಅಂತ ಹೇಳುವ ಪುಸ್ತಕ ಅದು. ಅದು ರೋಮ್‌ನಲ್ಲಿ ಅಚ್ಚಾದದ್ದು 1593ರಲ್ಲಿ. ಚಿತ್ರಗಳು ಸೇರಿದ್ದು 1603ರಲ್ಲಿ. ಕೆದರಿದ ಕಪ್ಪು ಕೂದಲು, ಕಮಾನು ಹುಬ್ಬು, ಚಿನ್ನದ ಸರ, ಅದರಲ್ಲಿ ನೇತಾಡುವ ಪುಟ್ಟ ಮುಖವಾಡ, ಕೈಯಲ್ಲಿ ಕುಂಚ, ಬಣ್ಣ ಬದಲಿಸುವ ಬಟ್ಟೆ. ಬಾಯಿಗೆ ಕಟ್ಟಿದ ಒಂದು ಬಟ್ಟೆಪಟ್ಟಿ, ಮೌನದ ಗುರುತಾಗಿ.

ಮೊದಲ ಹಾಳೆಯಲ್ಲಿ ಎಲ್ಲವನ್ನೂ ಹಾಕಿದೆ. ಚೀಟಿ ನೋಡಿ ಸಾಮಾನು ಜೋಡಿಸಿದ ಹಾಗಾಯಿತು. ಬಾಯಿ ಮುಚ್ಚಿದ ಮುಖದಲ್ಲಿ ಜೀವವೇ ಇರಲಿಲ್ಲ.

ಆಮೇಲೆ ತಂಗಿಯನ್ನು ಕಿಟಕಿಯ ಹತ್ತಿರ ಕೂರಿಸಿ, ಕರ್ಚೀಫು ಕಟ್ಟಿ ನೋಡಿದೆ. ಬಟ್ಟೆಯ ಕೆಳಗೂ ತುಟಿ ಇರುತ್ತದೆ ಅಲ್ವಾ? ತುಟಿಗಳ ನಡುವೆ ಬಟ್ಟೆ ಒಳಕ್ಕೆ ಹೋಗುತ್ತದೆ, ಕೆನ್ನೆಯ ಹತ್ತಿರ ಬಿಗಿಯುತ್ತದೆ. ಹಾಗಾಗಿ ಕೆಂಪು ಚಾಕ್‌ನಲ್ಲಿ ಮೊದಲು ಬಾಯಿಯನ್ನು ತೆಳುವಾಗಿ ಬರೆದೆ, ಅದರ ಮೇಲೆ ಬಟ್ಟೆ. ಹುಬ್ಬಿಗೆ ಜಾಸ್ತಿ ಹೊತ್ತು ಕೊಟ್ಟೆ. ಇಂಥ ಮುಖದಲ್ಲಿ ಮಾತಾಡುವುದು ಹುಬ್ಬೇ.

ಬಣ್ಣ ಬದಲಿಸುವ ಬಟ್ಟೆಗೆ ಅಮ್ಮನ ರೇಷ್ಮೆ ಸೀರೆ ತಂದೆ. ಹಾಸು ಹಸಿರು, ಹೊಕ್ಕು ನೇರಳೆ. ಒಂದೇ ಇಂಕಿನಲ್ಲಿ ಎರಡು ಬಣ್ಣ ತೋರಿಸುವುದು ಹೇಗೆ? ಬಹಳ ಹೊತ್ತು ಸುಮ್ನೆ ನೋಡುತ್ತಾ ಕೂತೆ. ಮಡಿಕೆ ತಿರುಗುವ ಕಡೆ ಬಣ್ಣ ಮೆಲ್ಲಗೆ ಬದಲಾಗುತ್ತಿರಲಿಲ್ಲ, ಥಟ್ಟನೆ ಹಾರುತ್ತಿತ್ತು. ಇಂಕಿಗೆ ನೀರು ಬೆರೆಸಿ ಎರಡು ಬಟ್ಟಲು ಮಾಡಿದೆ, ಒಂದು ತೆಳು, ಇನ್ನೊಂದು ಗಾಢ. ಒಂದು ಒಣಗಿದ ಮೇಲೆಯೇ ಇನ್ನೊಂದನ್ನು ಹಚ್ಚಿದೆ, ಅಂಚು ಕಲೆಸಲಿಲ್ಲ. ಮಡಿಕೆಯ ಏಣಿನಲ್ಲಿ ಕಾಗದವನ್ನು ಖಾಲಿ ಬಿಟ್ಟೆ. ಆಗ ರೇಷ್ಮೆ ಮಿಂಚಿತು.

ಆದರೂ ಬಾಯಿಯ ಆ ಪಟ್ಟಿ ಮನಸ್ಸಿಗೆ ಚುಚ್ಚುತ್ತಲೇ ಇತ್ತು. ಇಟಲಿಯ ಚಿತ್ರಕಾರ್ತಿ ಆರ್ಟೆಮಿಸಿಯಾ ಜೆಂಟಿಲೆಸ್ಕಿ 1638-39ರ ಸುಮಾರಿಗೆ ತನ್ನನ್ನೇ ಪಿತ್ತೂರಾ ಆಗಿ ಎಣ್ಣೆಬಣ್ಣದಲ್ಲಿ ಬರೆದುಕೊಂಡಳು. ಕೂದಲು, ಸರ, ಮುಖವಾಡ, ಬಣ್ಣ ಬದಲಿಸುವ ಬಟ್ಟೆ ಎಲ್ಲ ಇವೆ. ಪಟ್ಟಿ ಇಲ್ಲ. ತನ್ನ ಚಿತ್ರ ತಾನೇ ಬರೆಯುವ ಹೆಂಗಸು ಬಾಯಿ ಯಾಕೆ ಕಟ್ಟಿಕೊಳ್ಳಬೇಕು? ನನಗೆ ಅವಳು ಮಾಡಿದ್ದೇ ಸರಿ ಅನ್ನಿಸುತ್ತದೆ. ಅವಳಲ್ಲಿ ಯಾವುದೂ ಅಂಟಿಸಿದ ಗುರುತಲ್ಲ. ಮುಂದಕ್ಕೆ ಬಾಗಿ ಕೈ ಎತ್ತಿ ಕೆಲಸದಲ್ಲಿ ಮುಳುಗಿದ್ದಾಳೆ.

ಹೊಸ ಹಾಳೆ ತೆಗೆದೆ. ತಂಗಿಯ ಬಾಯಿಂದ ಕರ್ಚೀಫು ಬಿಚ್ಚಿ, ಕೈಗೆ ಕುಂಚ ಕೊಟ್ಟು, ಗೋಡೆಯ ಕಡೆ ಬಾಗಲು ಹೇಳಿದೆ. ಕೊರಳಿನ ಸರ ಎದೆಯಿಂದ ದೂರ ಜೋತುಬಿತ್ತು. "ಅಕ್ಕಾ, ಕೈ ನೋಯ್ತಿದೆ" ಅಂದಳು. ಹಾಗೆ ಹೇಳುವಾಗ ಅವಳ ಬಾಯಿ ಹೇಗಿತ್ತೋ ಹಾಗೇ ಬರೆದೆ.