ಸೂರಿನ ಹಲಗೆಗೆ, ಕಿಟಕಿ ಚೌಕಟ್ಟಿಗೆ ಯಾವ ಬಣ್ಣ?

ಮಲೆನಾಡು, ಕರಾವಳಿಯ ಮನೆಗಳಲ್ಲಿ ಹೊರಗಿನ ಮರಕ್ಕೆ ಬಳಿದ ಬಣ್ಣ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಚಕ್ಕೆ ಏಳುವುದು ಮಾಮೂಲು. ಅಂಗಡಿಗೆ ಹೋಗುವ ಮೊದಲು ಒಂದು ಚಕ್ಕೆ ಕಿತ್ತು ಅದರ ಹಿಂಬದಿ ನೋಡಿ. ಬೂದು ನಾರು ಅಂಟಿಕೊಂಡಿದ್ದರೆ, ಬಿಸಿಲಿಗೆ ಸವೆದ ಮರವನ್ನು ಉಜ್ಜದೆ ಹಾಗೇ ಬಳಿದಿದ್ದಾರೆ. ನುಣ್ಣಗಿದ್ದು ಕೆಳಗೆ ಹಳೇ ಬಣ್ಣದ ಹೊಳಪು ಕಂಡರೆ, ಆ ಹೊಳಪು ತೆಗೆಯದೆ ಮೇಲೆ ಹಚ್ಚಿದ್ದಾರೆ. ಮರವೇ ಕಪ್ಪಾಗಿ ಒದ್ದೆಯಿದ್ದರೆ ನೀರು ಹಿಂದಿನಿಂದ ಇಳಿಯುತ್ತಿದೆ. ಆಗ ಮೊದಲು ಒಡೆದ ಹೆಂಚು ಬದಲಿಸಿ. ಬಣ್ಣದ ಮಾತು ಆಮೇಲೆ.

ಪೇಂಟರ್‌ಗಳು ಸಾಮಾನ್ಯವಾಗಿ ಹೇಳುವುದು ಸಿಂಥೆಟಿಕ್ ಎನಾಮೆಲ್. ಹೊಳಪು ಚೆನ್ನ, ಬೆಲೆ ಕಡಿಮೆ, ಕೈಗೆ ಸಲೀಸು. ಆದರೆ ಅದು ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವ ಬಣ್ಣ. ಒಣಗಿದ ಮೇಲೂ ಆ ಕ್ರಿಯೆ ನಿಧಾನವಾಗಿ ನಡೆದು, ವರ್ಷ ಕಳೆದಂತೆ ಪದರ ಗಡುಸಾಗುತ್ತದೆ. ಮರವೋ ಮಳೆಗಾಲದಲ್ಲಿ ಅಗಲಕ್ಕೆ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಗಡುಸು ಪದರ ಬಿರಿಯುವುದು ಅಲ್ಲೇ. ನೀರಿನ ಆಧಾರದ ಅಕ್ರಿಲಿಕ್ ಎನಾಮೆಲ್ ಮರದ ಜೊತೆ ಸ್ವಲ್ಪ ಹಿಗ್ಗುತ್ತದೆ, ಬಿಳಿ ಬಣ್ಣ ಬೇಗ ಹಳದಿಯಾಗುವುದಿಲ್ಲ. ಹೊಳಪು ಕೊಂಚ ಕಡಿಮೆ. ಮಳೆ ನೇರ ಬಡಿಯುವ ಸೂರಿನ ಹಲಗೆಗೆ ನಮ್ಮ ಆಯ್ಕೆ ಇದೇ. ಜಗಲಿಯ ಒಳಗಿರುವ, ಮಳೆ ತಾಗದ ಬಾಗಿಲಿಗೆ ಸಿಂಥೆಟಿಕ್ ಸಾಕು.

ಮರದ ಗೆರೆ ಕಾಣಲೇಬೇಕು ಎನ್ನುವವರು ಹೊರಾಂಗಣಕ್ಕೆಂದೇ ಮಾಡಿದ ಪಿಯು (ಪಾಲಿಯುರೆಥೇನ್ ಎಂಬ ಪಾರದರ್ಶಕ ಲೇಪ) ಕೇಳಿ. ಮೆಲಮೈನ್ ಪಾಲಿಶ್ ಒಳಗಿನ ಪೀಠೋಪಕರಣಕ್ಕೆ. ಬಿಸಿಲಿಗೆ ಅದು ಬಿಳಚಿ ಏಳುತ್ತದೆ. ಪಿಯು ಕೂಡ ಪಾರದರ್ಶಕವಾದ್ದರಿಂದ ಬಿಸಿಲನ್ನು ಪೂರ್ತಿ ತಡೆಯುವುದಿಲ್ಲ, ಬಣ್ಣಕ್ಕಿಂತ ಬೇಗ ಮರುಲೇಪ ಕೇಳುತ್ತದೆ.

ಬಣ್ಣಕ್ಕೆ ಮೊದಲು ಹಚ್ಚುವ ಪ್ರೈಮರ್ ಮರಕ್ಕೆಂದೇ ಮಾಡಿದ್ದಾಗಿರಲಿ. ಗ್ರಿಲ್‌ಗೆ ತಂದು ಉಳಿದ ರೆಡ್ ಆಕ್ಸೈಡ್ ಕಬ್ಬಿಣಕ್ಕೆ ಮಾತ್ರ. ಹೊನ್ನೆ, ತೇಗದಂಥ ಮರ ಕಂದು ರಸ ಬಿಡುತ್ತದೆ. ಅದರ ಮೇಲೆ ನೀರಿನ ಪ್ರೈಮರ್ ಹಚ್ಚಿದರೆ ಬಿಳಿ ಬಣ್ಣದಲ್ಲಿ ಕಲೆ ಮೂಡುತ್ತದೆ. ಅಂಥ ಮರಕ್ಕೆ ಎಣ್ಣೆ ಆಧಾರದ ಪ್ರೈಮರ್ ಕೊಟ್ಟು, ಪೂರ್ತಿ ಒಣಗಿದ ಮೇಲೆ ಅಕ್ರಿಲಿಕ್ ಹಚ್ಚಬಹುದು. ತೇಗವಾದರೆ ಪ್ರೈಮರ್‌ಗೆ ಮುಂಚೆ ಬಟ್ಟೆಗೆ ಥಿನ್ನರ್ ತಗುಲಿಸಿ ಒರೆಸಿ, ಮೇಲಿನ ಎಣ್ಣೆಯಂಶ ಹೋಗುತ್ತದೆ.

ಹಳೆಯ ಸಡಿಲ ಬಣ್ಣ ಕೆರೆದು, 80ರ ಸ್ಯಾಂಡ್ ಪೇಪರ್‌ನಿಂದ ಹೊಸ ಮರದ ಬಣ್ಣ ಕಾಣುವವರೆಗೆ ಉಜ್ಜಿ, 120ರಿಂದ ನಯ ಮಾಡಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು (ಬಣ್ಣದ ಹತ್ತು ಲಕ್ಷ ಪಾಲಿನಲ್ಲಿ ಸೀಸ 90 ಪಾಲು, ಅಂದರೆ 90 ಪಿಪಿಎಂ, ಮೀರಬಾರದೆಂಬ ಮಿತಿ ಭಾರತದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ), ಹಾಗಾಗಿ ನೀರು ಚಿಮುಕಿಸಿ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರವಿಡಿ. ಮೊಳೆ ತೂತಿಗೆ ಮರದ ಪುಟ್ಟಿ ತುಂಬಿ. ಗೋಡೆಯ ಪುಟ್ಟಿ ಮರ ಆಡಿದ ಕೂಡಲೇ ಉದುರುತ್ತದೆ.

ಎಲ್ಲರೂ ಮರೆಯುವ ಜಾಗವೆಂದರೆ ಹಲಗೆಯ ಕೊಯ್ದ ತುದಿ. ಮರದ ನಾಳಗಳು ಅಲ್ಲಿ ಬಾಯಿ ತೆರೆದಿರುತ್ತವೆ, ಮುಖಕ್ಕಿಂತ ಹಲವು ಪಟ್ಟು ನೀರು ಕುಡಿಯುತ್ತವೆ. ಪ್ರೈಮರನ್ನು ತುದಿಗೆ ಎರಡು ಸಲ, ಬ್ರಶ್ ಒತ್ತಿ ಕುಡಿಸಿ. ಹೊಸ ಹಲಗೆಯಾದರೆ ಜೋಡಿಸುವ ಮೊದಲೇ ಬೆನ್ನಿಗೂ ಹಚ್ಚಿಬಿಡಿ. ಬಾಗಿಲಿನ ತಳದ ಅಂಚೂ ಹೀಗೆಯೇ: ಬಾಗಿಲು ಕಳಚದೆ ಅಲ್ಲಿ ಬ್ರಶ್ ಹೋಗದು, ಹಾಗಾಗಿ ಕಳಚಿ.

ಲೆಕ್ಕ ಹೀಗೆ: 30 ಅಡಿ ಉದ್ದ, 8 ಇಂಚು ಅಗಲ, 1 ಇಂಚು ದಪ್ಪದ ಹಲಗೆಗೆ ಎರಡೂ ಮುಖ, ಅಂಚು ಸೇರಿ 45 ಚದರ ಅಡಿ. ಲೀಟರ್‌ಗೆ ಒಂದು ಕೋಟ್ ಸುಮಾರು 100 ಚದರ ಅಡಿ ಎಂದಿಟ್ಟುಕೊಂಡರೆ, ಪ್ರೈಮರ್ ಅರ್ಧ ಲೀಟರ್, ಎರಡು ಕೋಟ್ ಬಣ್ಣಕ್ಕೆ ಒಂದು ಲೀಟರ್. ಸಿಂಥೆಟಿಕ್‌ಗೆ ಟರ್ಪೆಂಟೈನ್ ಡಬ್ಬಿಯಲ್ಲಿ ಬರೆದಷ್ಟೇ ಬೆರೆಸಿ. ಸೀಮೆಎಣ್ಣೆ ಬೆರೆಸಿದರೆ ಒಣಗುವುದು ತಡ, ಹೊಳಪೂ ಸಾಯುತ್ತದೆ.

ಕೆಲಸಕ್ಕೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ, ಸಂಜೆ ಇಬ್ಬನಿ ಬೀಳುವ ಎರಡು ಗಂಟೆ ಮೊದಲೇ ನಿಲ್ಲಿಸಿ. ಇಲ್ಲದಿದ್ದರೆ ಹೊಳಪಿನ ಮೇಲೆ ಮಂಜು ಕವಿದ ಹಾಗೆ ಬಿಳಿಚು ಕೂರುತ್ತದೆ. ಸುಡುವ ಬಿಸಿಲು ಬಿದ್ದಿರುವ ಬದಿಗೆ ಆಗಲೇ ಬಳಿಯಬೇಡಿ, ಗುಳ್ಳೆ ಏಳುತ್ತದೆ. ಉಳಿದ ಬಣ್ಣವನ್ನು ಸಣ್ಣ ಬಾಟಲಿಗೆ ಬಾಯಿಮಟ್ಟ ತುಂಬಿಡಿ. ಮಳೆಗಾಲ ಮುಗಿದ ಮೇಲೆ ಸಂದುಗಳಲ್ಲಿ ಬಿಟ್ಟ ಬಿರುಕಿಗೆ ಅಷ್ಟು ಸಾಕಾಗುತ್ತದೆ.